ಹಾಡಿನೊಳಗಿನ ಹೆಸರು

ಹೂವಿನ ಹಿಪ್ಪರಗಿ ಎಂಬ ಹೆಸರನ್ನು ಕೇಳಿದ ಬೆಂಗಳೂರಿನ ಸ್ನೇಹಿತರು ಆ ಊರಿನ ಸುತ್ತ ಮಲ್ಲಿಗೆಯ ತೋಟಗಳಿರಬೇಕೆಂದು ಊಹಿಸುತ್ತಾರೆ. ಅವರನ್ನು ನಾನು ನಿರಾಶೆಗೊಳಿಸಬೇಕಾಗುತ್ತದೆ. ಅದು ಬಸವನ ಬಾಗೇವಾಡಿ ತಾಲ್ಲೂಕಿನ ಎರೆಯ ನೆಲದ ಊರು; ಜೋಳ, ತೊಗರಿ, ಹತ್ತಿಯ ಸೀಮೆ. ಜಿಲ್ಲೆಯಲ್ಲಿ ಇನ್ನೊಂದು ಹಿಪ್ಪರಗಿಯೂ ಉಂಟು. ಅದು ದೇವರ ಹಿಪ್ಪರಗಿ. ಒಂದಕ್ಕೆ ದೇವರನ್ನೂ ಇನ್ನೊಂದಕ್ಕೆ ಹೂವನ್ನೂ ಹಂಚಿಕೊಟ್ಟ ಪುಣ್ಯಾತ್ಮನು ಯಾರೋ, ಅವನ ಹೆಸರು ಮಾತ್ರ ಯಾರಿಗೂ ತಿಳಿಯದು.

ಹೋದ ಬೇಸಿಗೆಯಲ್ಲಿ ನೆಂಟರ ಮನೆಯ ಮದುವೆಗೆಂದು ಆ ಊರಿಗೆ ಹೋಗಿದ್ದೆ. ವರನ ಮೆರವಣಿಗೆಯ ಮುಂದೆ ಒಂದು ಟ್ರ್ಯಾಕ್ಟರು. ಅದರ ಟ್ರೇಲರಿನ ಮೇಲೆ ಆಳೆತ್ತರದ ಧ್ವನಿವರ್ಧಕಗಳು. ಇದಕ್ಕೆ ಈಗ ಹಳ್ಳಿಹಳ್ಳಿಗಳಲ್ಲಿಯೂ ‘ಡೀಜೆ’ ಎಂದೇ ಹೆಸರು. ಅದರೊಳಗಿಂದ ಹೊರಟ ಹಾಡು ಒಂದು ತಮಾಷೆಯ ಪದ. ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ಕೆಣಕುವ ಮಾತು, ನಮ್ಮ ಸೀಮೆಯ ಉಡಾಳ ಕನ್ನಡ, ತಾಳವೋ ಅರ್ಧ ಡೊಳ್ಳಿನದು, ಅರ್ಧ ಅಮೆರಿಕದ ಹಿಪ್ ಹಾಪಿನದು. ಎದೆಗೂಡು ನಡುಗುವಂಥ ಸದ್ದು. ಹುಡುಗರು ಬೆವರಿ ಕುಣಿಯುತ್ತಿದ್ದರು. ನಾನು ಕಿವಿ ಮುಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ ಸೋದರಮಾವನ ಬಳಿಗೆ ಹೋದೆ.

ಮಾಮಾ ಎಂಬತ್ತು ದಾಟಿದವರು. ತಾರುಣ್ಯದಲ್ಲಿ ಗೀಗೀ ಮೇಳದ ಹಿಮ್ಮೇಳದಲ್ಲಿದ್ದು ತುಂತುಣಿ ಬಾರಿಸುತ್ತಿದ್ದರು. ಈ ಗದ್ದಲವನ್ನು ಅವರು ಬಯ್ಯುವರೆಂದು ನಾನು ಎದುರುನೋಡಿದ್ದೆ. ಅವರು ಬಯ್ಯಲಿಲ್ಲ. ತಲೆ ತೂಗುತ್ತ ಕೇಳುತ್ತಿದ್ದರು. ಹಾಡು ಮುಗಿಯಲು ಇನ್ನೂ ಒಂದು ನುಡಿ ಇರುವಾಗಲೇ ಯಂತ್ರದವನು ಅದನ್ನು ನಿಲ್ಲಿಸಿ ಬೇರೆ ಹಾಡು ಹಚ್ಚಿದ. ಆಗ ಮಾಮಾ ಸಿಟ್ಟಾದರು.

“ಅಂಕಿತ ಬರೂ ಮೊದಲ ಬಂದ್ ಮಾಡಿದನಲ್ಲೋ ಅಳಿಯಾ! ಪದಾ ಕಟ್ಟಿದಾಂವ ಯಾರು, ಯಾವ ಊರಾಂವ, ಹ್ಯಾಂಗ ತಿಳೀಬೇಕು?”

“ಈಗಿನ ಹಾಡಿಗೆ ಅಂಕಿತ ಎಲ್ಲಿ ಇರತೈತಿ ಬಿಡ್ರಿ ಮಾಮಾ” ಎಂದೆ.

“ಇರತೈತಿ. ಕಡೀ ನುಡಿಯೊಳಗ ಇರತೈತಿ. ಅಲ್ಲೀತನಕಾ ಕೇಳೂ ತಾಳ್ಮಿ ನಿಮಗಿಲ್ಲ” ಎಂದರು.

ಅವರ ಮಾತು ನಿಜವೆಂದು ಆಮೇಲೆ ಗೊತ್ತಾಯಿತು. ಆದರೆ ಅಂದು ನನ್ನ ಮನಸ್ಸು ಆ ಪ್ರಶ್ನೆಯನ್ನು ಹಿಡಿದುಕೊಂಡು ಬಹುದೂರ ಹೋಯಿತು. ಜಗತ್ತಿನಲ್ಲಿ ಹಿಪ್ ಹಾಪ್ ಎಂಬ ವ್ಯಾಪಾರವನ್ನೇ ಆರಂಭಿಸಿಕೊಟ್ಟದ್ದು ಇಂಥದೇ ಒಂದು ತಮಾಷೆಯ ಪದ. ಅದರ ಕಥೆಯೆಲ್ಲ ಈ ಅಂಕಿತದ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ. ಅದನ್ನು ಇಲ್ಲಿ ವಾಚಕರ ಮುಂದಿಡಬೇಕೆನ್ನಿಸಿದೆ.

*

ಮೊದಲು ನಮ್ಮ ಸೀಮೆಯ ಅಂಕಿತದ ಮಾತು. ಬಸವನ ಬಾಗೇವಾಡಿಯ ಸುತ್ತ ಹುಟ್ಟಿ ಬೆಳೆದವರಿಗೆ ಅಂಕಿತವೆಂದರೆ ಏನೆಂದು ಹೇಳಿಕೊಡಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂಕಿತ. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಅಲ್ಲಮನದು ಗುಹೇಶ್ವರ. ಅವರು ತಮ್ಮ ಹೆಸರನ್ನು ಹೇಳಲಿಲ್ಲ. ತಮ್ಮ ದೇವರ ಹೆಸರನ್ನು ಹೇಳಿದರು. ಆದರೂ ಎಂಟು ನೂರು ವರ್ಷಗಳ ಮೇಲೆ ಓಲೆಗರಿಯನ್ನು ಬಿಚ್ಚಿದವನಿಗೆ ಇದು ಯಾರ ಮಾತೆಂಬುದು ಆ ಒಂದು ಪದದಿಂದ ತಿಳಿಯುತ್ತದೆ. ಅಂಕಿತವನ್ನು ಬದಲಿಸಿ ಅಚ್ಚು ಹಾಕಿದ ಪುಸ್ತಕವೊಂದರ ವ್ಯಾಜ್ಯ ನಮ್ಮ ಕಾಲದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಇತ್ಯರ್ಥವಾಯಿತು. ಒಂದು ಪದಕ್ಕೆ ಅಷ್ಟು ತೂಕ!

ಲಾವಣಿಕಾರರು ಆ ಪದ್ಧತಿಯನ್ನು ತಮ್ಮ ರೀತಿಯಲ್ಲಿ ಮುಂದುವರಿಸಿದರು. ಲಾವಣಿಯ ಕೊನೆಯ ನುಡಿಗೆ ಬಂದರೆ ಕವಿಯ ಹೆಸರು, ಅವನ ಊರು, ಆ ಊರಿನ ದೈವ, ಅವನ ಗುರು, ಎಲ್ಲವೂ ಸಾಲಾಗಿ ಬರುತ್ತವೆ. ಇದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಗೀಗೀ ಪದವು ಪೈಪೋಟಿಯ ಕಲೆ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಒಂದು ಮೇಳಕ್ಕೆ ತುರಾಯಿ, ಇನ್ನೊಂದಕ್ಕೆ ಕಲ್ಗಿ. ಒಬ್ಬರು ಸವಾಲು ಎಸೆದರೆ ಇನ್ನೊಬ್ಬರು ಜವಾಬು ಹೇಳಲೇಬೇಕು. ದಪ್ಪು, ತುಂತುಣಿ, ತಾಳಗಳ ನಡುವೆ ಬೆಳಗಿನ ಜಾವದವರೆಗೆ ಇದು ನಡೆಯುತ್ತದೆ. ಇಂಥ ಅಖಾಡದಲ್ಲಿ ಇನ್ನೊಬ್ಬನ ಪದವನ್ನು ತನ್ನದೆಂದು ಹಾಡುವವನಿಗೆ ಎದುರು ಮೇಳದವರು ಮರ್ಯಾದೆ ಉಳಿಸುವುದಿಲ್ಲ. ಹಾಡುವಾತ ಯಾರೇ ಇರಲಿ, ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರನ್ನು ಹೇಳಿಯೇ ಇಳಿಯಬೇಕು.

ಅದೇ ಸೀಮೆಯಲ್ಲಿ, ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹಳ್ಳಿಯ ಹಾಡುಗಳನ್ನು ಬರೆದಿಟ್ಟುಕೊಳ್ಳುವ ಸಾಹಸ ಮಾಡಿದರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಲಾವಣಿಯೆಂದರೆ ಪೋಲಿಗಳ ಪದವೆಂದು ಓದುಬರಹ ಬಲ್ಲವರು ಮೂಗು ಮುರಿಯುತ್ತಿದ್ದ ಕಾಲ ಅದು. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರ ಹೆಸರು ಇಂದಿಗೂ ನಮಗೆ ತಿಳಿದಿರುವುದು ಆ ಗೆಳೆಯರ ಲೇಖನಿಯಿಂದ ಮತ್ತು ಹಾಡಿನೊಳಗೇ ಹೆಸರನ್ನು ಕೂಡಿಸಿಡುವ ಅಂಕಿತದ ರೂಢಿಯಿಂದ.

*

ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಈಗ ಸಮುದ್ರ ದಾಟಿ ನ್ಯೂಯಾರ್ಕ್ ನಗರಕ್ಕೆ ಹೋಗೋಣ. ಅದರ ಉತ್ತರಕ್ಕೆ ಬ್ರಾಂಕ್ಸ್ ಎಂಬ ಬಡವರ ಬಡಾವಣೆ. ಅಲ್ಲಿಯ ಸೆಜ್‌ವಿಕ್ ಅವೆನ್ಯೂವಿನ 1520ನೆಯ ನಂಬರಿನ ಕಟ್ಟಡದಲ್ಲಿ 1973ರ ಆಗಸ್ಟ್ 11ರಂದು ಜಮೈಕಾದಿಂದ ಬಂದು ನೆಲೆಸಿದ್ದ ಒಂದು ಕುಟುಂಬದ ತರುಣ, ಕೂಲ್ ಹರ್ಕ್ ಎಂಬ ಹೆಸರಿನಿಂದ ಪ್ರಸಿದ್ಧನಾದವನು, ತನ್ನ ತಂಗಿಯ ಒತ್ತಾಸೆಯಿಂದ ಒಂದು ಕುಣಿತದ ಕೂಟವನ್ನು ಏರ್ಪಡಿಸಿದ. ಹಾಡಿನ ನಡುವೆ ಗಾಯನ ನಿಂತು ಬರೀ ತಾಳವಾದ್ಯ ನುಡಿಯುವ ಒಂದು ಚಿಕ್ಕ ತುಣುಕು ಬರುತ್ತದೆ. ಹುಡುಗರು ಹೆಚ್ಚು ಹುರುಪಿನಿಂದ ಕುಣಿಯುವುದು ಅಲ್ಲಿಯೇ ಎಂದು ಆತ ಕಂಡುಕೊಂಡಿದ್ದ. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಗ್ರಾಮೋಫೋನಿನ ಮೇಲಿಟ್ಟು, ಒಂದರ ತುಣುಕು ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದೇ ತುಣುಕನ್ನು ಹಚ್ಚಿ, ಅರೆನಿಮಿಷದ ತಾಳವನ್ನು ಬೇಕಾದಷ್ಟು ಹೊತ್ತು ಬೆಳೆಸುವ ಉಪಾಯವನ್ನು ಆತ ಹೂಡಿದ. ಆ ತಾಳದ ಮೇಲೆ ಮಾತಿನಲ್ಲಿ ಪ್ರಾಸ ಕಟ್ಟಿ, ಕುಣಿಯುವವರನ್ನು ಹುರಿದುಂಬಿಸಿ, ಎದುರಾಳಿಯನ್ನು ಹಂಗಿಸುವವರು ಹುಟ್ಟಿಕೊಂಡರು. ಇದೇ ರ‍್ಯಾಪ್. ಇದೂ ಪೈಪೋಟಿಯ ಕಲೆಯೇ. ಬಡಾವಣೆಗಳ ಗುಂಪುಗಳು ಉದ್ಯಾನಗಳಲ್ಲಿಯೂ ಕ್ಲಬ್ಬುಗಳಲ್ಲಿಯೂ ಎದುರುಬದುರಾಗಿ ನಿಂತು ಸವಾಲು ಜವಾಬು ಮಾಡುತ್ತಿದ್ದವು. ತನ್ನ ಹೆಸರನ್ನು ಸಾಲುಸಾಲಿಗೂ ಸಾರುವುದು ಅವರ ಪದ್ಧತಿ. ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವವರೂ ಇದ್ದರು. ನಮ್ಮ ಲಾವಣಿಕಾರನು ಕೊನೆಯಲ್ಲಿ ಹೇಳುವುದನ್ನು ಅವರು ಮೊದಲಲ್ಲಿಯೂ ನಡುವೆಯೂ ಹೇಳಿದರು, ಅಷ್ಟೆ.

ಆರು ವರ್ಷಗಳವರೆಗೆ ಈ ಕಲೆಯನ್ನು ತಟ್ಟೆಗೆ ಇಳಿಸಬೇಕೆಂದು ಯಾವ ಕಂಪನಿಗೂ ತೋಚಲಿಲ್ಲ. ರಾತ್ರಿಯಿಡೀ ನಡೆಯುವ ಆಟವನ್ನು ಮೂರು ನಿಮಿಷದ ತಟ್ಟೆಗೆ ಹೇಗೆ ಇಳಿಸುವುದು? ಹಾಡುಗಾರರಿಗೂ ಹಾಗೆಯೇ ಅನಿಸಿತ್ತು. ಅದು ತೋಚಿದ್ದು ಸಿಲ್ವಿಯಾ ರಾಬಿನ್‌ಸನ್ ಎಂಬ ಹೆಂಗಸಿಗೆ. ಆಕೆ ಸ್ವತಃ ಗಾಯಕಿ. 1950ರ ದಶಕದಲ್ಲಿಯೇ ಮಿಕಿ ಎಂಬಾತನ ಜೊತೆಯಲ್ಲಿ ಹಾಡಿ ಹೆಸರು ಮಾಡಿದವಳು. ಗಂಡ ಜೋ ರಾಬಿನ್‌ಸನ್ನನೊಡನೆ ನ್ಯೂಜೆರ್ಸಿಯ ಎಂಗಲ್‌ವುಡ್‌ನಲ್ಲಿ ನಡೆಸುತ್ತಿದ್ದ ಧ್ವನಿಮುದ್ರಣ ಕಂಪನಿ 1979ರ ಹೊತ್ತಿಗೆ ದಿವಾಳಿಯ ಅಂಚಿಗೆ ಬಂದಿತ್ತು. ಆ ವರ್ಷದ ಬೇಸಿಗೆಯಲ್ಲಿ ಹಾರ್ಲೆಮ್ಮಿನ ಕ್ಲಬ್ಬೊಂದರಲ್ಲಿ ಒಬ್ಬಾತ ತಟ್ಟೆಯ ತಾಳಕ್ಕೆ ಮಾತು ಕೂಡಿಸಿ ಜನರನ್ನು ಕುಣಿಸುತ್ತಿದ್ದುದನ್ನು ಆಕೆ ಕಂಡಳು. ಇದು ಮಾರಾಟವಾಗುವ ಸರಕೆಂದು ಆಕೆಗೆ ಹೊಳೆಯಿತು.

ಹಾಡುಗಾರರು ಬೇಕಾದರು. ಬ್ರಾಂಕ್ಸಿನ ಹೆಸರಾದ ಗುಂಪುಗಳಲ್ಲಿ ಆಕೆ ಅರಸಲಿಲ್ಲ. ತನ್ನ ಊರಿನಲ್ಲಿಯೇ ಸಿಕ್ಕವರನ್ನು ಕೂಡಿಸಿದಳು. ಒಬ್ಬನು ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆನ್ರಿ ಜಾಕ್ಸನ್, ದಪ್ಪ ಆಳು, ‘ಬಿಗ್ ಬ್ಯಾಂಕ್ ಹ್ಯಾಂಕ್’. ಅಂಗಡಿಯ ಹೊರಗೆ ನಿಂತಿದ್ದ ಮೋಟಾರಿನಲ್ಲಿ ಕುಳಿತು ಅವನು ಹಾಡಿ ತೋರಿಸಿದ. ಇನ್ನಿಬ್ಬರು ‘ವಂಡರ್ ಮೈಕ್’ ಮತ್ತು ‘ಮಾಸ್ಟರ್ ಜೀ’. ಹೀಗೆ ಒಂದೇ ದಿನದಲ್ಲಿ ‘ಶುಗರ್‌ಹಿಲ್ ಗ್ಯಾಂಗ್’ ಎಂಬ ಮೇಳ ಸಿದ್ಧವಾಯಿತು. ಹಿಂದೆಂದೂ ಒಟ್ಟಿಗೆ ಹಾಡಿರದ ಮೂವರು! ಆ ವರ್ಷ ಅಮೆರಿಕವನ್ನೆಲ್ಲ ಕುಣಿಸಿದ್ದ, ಆಗಸ್ಟಿನಲ್ಲಿ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನಕ್ಕೇರಿದ್ದ ‘ಗುಡ್ ಟೈಮ್ಸ್’ ಎಂಬ ಹಾಡಿನ ತಾಳವನ್ನೇ ಹಿಡಿದು ಬಾರಿಸಿರೆಂದು ವಾದ್ಯಗಾರರಿಗೆ ಹೇಳಲಾಯಿತು. ಧ್ವನಿಯನ್ನು ಕತ್ತರಿಸಿ ಅಂಟಿಸುವ ಯಂತ್ರ ಆಗ ಅವರ ಕೈಯಲ್ಲಿರಲಿಲ್ಲ. ಪಾಪ, ವಾದ್ಯಗಾರರು ಒಂದೇ ತಾಳವನ್ನು ಕಾಲು ಗಂಟೆಯವರೆಗೆ ತಪ್ಪದಂತೆ ಕೈಯಿಂದಲೇ ಬಾರಿಸಬೇಕಾಯಿತು. 1979ರ ಸೆಪ್ಟೆಂಬರಿನಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಹೊರಬಂದಿತು. ಹನ್ನೆರಡು ಅಂಗುಲದ ದೊಡ್ಡ ತಟ್ಟೆ. ಅವಧಿ 14 ನಿಮಿಷ 35 ಸೆಕೆಂಡು.

*

ಆ ಹಾಡಿನಲ್ಲಿ ಏನಿದೆ? ಗಂಭೀರವಾದದ್ದು ಏನೂ ಇಲ್ಲ ಎಂದರೆ ತಪ್ಪಾಗದು. ಆರಂಭವೇ ಅರ್ಥವಿಲ್ಲದ ಶಬ್ದಗಳ ಆಟ. ಆಮೇಲೆ ಮೂವರೂ ತಮ್ಮ ತಮ್ಮ ಬಡಾಯಿ ಕೊಚ್ಚಿಕೊಳ್ಳುತ್ತಾರೆ. ಒಬ್ಬನು ಆಕಾಶದಲ್ಲಿ ಹಾರುವ ಸೂಪರ್‌ಮ್ಯಾನನ ಪ್ರೇಯಸಿಯನ್ನೇ ಒಲಿಸಿಕೊಳ್ಳಲು ಹೊರಡುತ್ತಾನೆ. ಇನ್ನೊಬ್ಬನು ಗೆಳೆಯನ ಮನೆಗೆ ಊಟಕ್ಕೆ ಹೋಗಿ, ಅಡುಗೆ ಬಾಯಿಗಿಡಲಾರದಂತಿದ್ದರೂ ದಾಕ್ಷಿಣ್ಯಕ್ಕೆ ಸಿಕ್ಕಿ ಒದ್ದಾಡುತ್ತಾನೆ. ಬೀಗರ ಮನೆಯ ಊಟದ ಪಾಡನ್ನು ಅನುಭವಿಸಿದ ಯಾವ ಕನ್ನಡಿಗನಿಗೂ ಅದನ್ನು ವಿವರಿಸಬೇಕಾಗಿಲ್ಲ. ನಗು, ಬಡಾಯಿ, ಕುಣಿತ, ಇವಿಷ್ಟೇ ಅದರ ಬಂಡವಾಳ.

ಆ ಬಂಡವಾಳಕ್ಕೆ ಬಂದ ಲಾಭ ದೊಡ್ಡದು. ಅಷ್ಟುದ್ದದ ಹಾಡನ್ನು ಬಾನುಲಿಯಲ್ಲಿ ಹಾಕುವುದು ಕಷ್ಟವೆನಿಸಿತ್ತು. ಅದಕ್ಕಾಗಿ ಮೊಟಕುಗೊಳಿಸಿದ ಆವೃತ್ತಿಯನ್ನೂ ಹೊರಡಿಸಿದರು. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ ಅದು 1980ರ ಜನವರಿಯಲ್ಲಿ 36ನೆಯ ಸ್ಥಾನಕ್ಕೇರಿತು. ಅದೇ ಪತ್ರಿಕೆ ಕರಿಯರ ಸಂಗೀತಕ್ಕೆಂದು ಪ್ರಕಟಿಸುತ್ತಿದ್ದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ. ಮನೆಯ ಅಂಗಳಕ್ಕಿಂತ ಹೊರಗಿನವರೇ ಅದನ್ನು ಹೆಚ್ಚಾಗಿ ಮೆಚ್ಚಿಕೊಂಡರು: ಇಂಗ್ಲೆಂಡಿನಲ್ಲಿ ಮೂರನೆಯದು, ಕೆನಡಾ ಮತ್ತು ಹಾಲೆಂಡುಗಳಲ್ಲಿ ಮೊದಲನೆಯದು. ರ‍್ಯಾಪಿನ ಮೊದಲ ತಟ್ಟೆ ಅದೇನೂ ಅಲ್ಲ; ಫ್ಯಾಟ್‌ಬ್ಯಾಕ್ ಬ್ಯಾಂಡಿನ ‘ಕಿಂಗ್ ಟಿಮ್ III’ ಅದೇ ವರ್ಷ ಸ್ವಲ್ಪ ಮೊದಲು ಬಂದಿತ್ತು. ಆದರೆ ಮಾತಿನ ಹಾಡಿಗೂ ಕೊಳ್ಳುವವರಿದ್ದಾರೆಂದು ಅಂಗಡಿಯವರಿಗೆ ಮನವರಿಕೆ ಮಾಡಿಕೊಟ್ಟದ್ದು ‘ರ‍್ಯಾಪರ್ಸ್ ಡಿಲೈಟ್’.

ಬ್ರಾಂಕ್ಸಿನ ಹಾಡುಗಾರರು ಮಾತ್ರ ಬಾನುಲಿಯಲ್ಲಿ ಅದನ್ನು ಕೇಳಿ ದಂಗಾದರು. ಯಾರಿವರು? ಯಾವ ಅಖಾಡದಲ್ಲಿ ಹಾಡಿದವರು? ಯಾವ ಸವಾಲಿಗೆ ಜವಾಬು ಕೊಟ್ಟವರು? ತಾವು ಆರು ವರ್ಷ ಬೀದಿಯಲ್ಲಿ ಬೆಳೆಸಿದ ಬೆಳೆಯನ್ನು ಪಕ್ಕದ ಸೀಮೆಯವರು ಒಂದೇ ಮಧ್ಯಾಹ್ನದಲ್ಲಿ ಕೊಯ್ದುಕೊಂಡು ಹೋದರಲ್ಲಾ ಎಂಬ ಸಂಕಟ ಅವರದು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ದಂಗಾದವನು ಗ್ರ್ಯಾಂಡ್‌ಮಾಸ್ಟರ್ ಕ್ಯಾಸ್ ಎಂಬ ಪ್ರಾಸಗಾರ. ಆ ದಪ್ಪ ಆಳು ಹ್ಯಾಂಕ್ ಅವನ ಪರಿಚಯದವನೇ. ಅವನ ಮೇಳದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವನು. ಸಿಲ್ವಿಯಾ ಕರೆದಾಗ ಹ್ಯಾಂಕ್ ಕ್ಯಾಸನ ಬಳಿಗೆ ಹೋಗಿ ನಿನ್ನ ಪ್ರಾಸಗಳನ್ನು ಕೊಡೆಂದು ಕೇಳಿದ. ಇದರಿಂದ ಏನು ತಾನೆ ಆದೀತೆಂದು ಕ್ಯಾಸ್ ತನ್ನ ನೋಟುಪುಸ್ತಕವನ್ನೇ ಮುಂದಿಟ್ಟ. ಈ ಸಂಗತಿಯನ್ನು ಕ್ಯಾಸ್ ಅನೇಕ ಸಲ ಹೇಳಿದ್ದಾನೆ.

ಇಲ್ಲಿಯೇ ಅಂಕಿತದ ಮಹಿಮೆ. ಕ್ಯಾಸನಿಗೆ ಆಗ ‘ಕ್ಯಾಸನೋವಾ ಫ್ಲೈ’ ಎಂಬ ಇನ್ನೊಂದು ಹೆಸರಿತ್ತು. ತನ್ನ ಪ್ರಾಸದಲ್ಲಿ ಆ ಹೆಸರನ್ನು ಅವನು ಅಕ್ಷರ ಬಿಡಿಸಿ ಹೇಳಿಕೊಂಡಿದ್ದ. ಹ್ಯಾಂಕ್ ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಇದ್ದುದನ್ನು ಇದ್ದಂತೆಯೇ ಹಾಡಿಬಿಟ್ಟ. ಹೀಗಾಗಿ ಜಗತ್ತೆಲ್ಲ ಕೇಳಿದ ಆ ತಟ್ಟೆಯೊಳಗೆ ಹಾಡುವವನು ತಾನು ಕ್ಯಾಸನೋವಾ ಎಂದೇ ಹೇಳಿಕೊಳ್ಳುತ್ತಾನೆ! ಎಮ್ಮೆಯನ್ನು ಕದ್ದೊಯ್ದವನು ಅದರ ತೊಡೆಯ ಮೇಲಿನ ಮುದ್ರೆಯನ್ನು ನೋಡದೆ ಸಂತೆಗೆ ಹೊಡೆದುಕೊಂಡು ಬಂದಂತಾಯಿತು. ಮುದ್ರೆಯೇನೋ ಉಳಿಯಿತು, ಎಮ್ಮೆ ಮರಳಿ ಬರಲಿಲ್ಲ. ತಟ್ಟೆಯ ಲೇಬಲ್ಲಿನ ಮೇಲೆ ಕ್ಯಾಸನ ಹೆಸರು ಅಚ್ಚಾಗಲಿಲ್ಲ, ಹಣದಲ್ಲಿ ಪಾಲೂ ಸಿಗಲಿಲ್ಲ.

ತಾಳದ ಒಡೆಯರ ಕಥೆ ಬೇರೆಯಾಯಿತು. ‘ಗುಡ್ ಟೈಮ್ಸ್’ ಹಾಡನ್ನು ರಚಿಸಿದವರು ‘ಶಿಕ್’ ಎಂಬ ಮೇಳದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್. ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ತನ್ನದೇ ತಾಳ ಇನ್ನೊಬ್ಬರ ತಟ್ಟೆಯಲ್ಲಿ ನುಡಿಯುವುದನ್ನು ರಾಜರ್ಸ್ ಕೇಳಿದ. ಅವರಿಗೆ ವಕೀಲರಿದ್ದರು, ದೊಡ್ಡ ಕಂಪನಿಯ ಬೆಂಬಲವಿತ್ತು, ಹಾಡು ಕ್ರಮಪ್ರಕಾರ ನೋಂದಾಯಿತವಾಗಿತ್ತು. ನ್ಯಾಯಾಲಯದ ಬೆದರಿಕೆಯೇ ಸಾಕಾಯಿತು. ಮಾತುಕತೆಯಲ್ಲಿ ವ್ಯಾಜ್ಯ ಬಗೆಹರಿದು ಅವರಿಬ್ಬರ ಹೆಸರೂ ರಚನಕಾರರ ಪಟ್ಟಿಗೆ ಸೇರಿತು. ಕಾಗದದ ಮೇಲೆ ಹೆಸರಿದ್ದವರಿಗೆ ನ್ಯಾಯ ಸಿಕ್ಕಿತು. ಹಾಡಿನೊಳಗೆ ಮಾತ್ರ ಹೆಸರಿದ್ದವನಿಗೆ ಸಿಗಲಿಲ್ಲ.

ಹಾಡಿ ಗೆದ್ದ ಮೂವರಾದರೂ ಸುಖವಾಗಿದ್ದರೇ ಎಂದು ವಾಚಕರು ಕೇಳಬಹುದು. ಅದೂ ಇಲ್ಲ. ಮುಂದಿನ ವರ್ಷಗಳಲ್ಲಿ ‘ಶುಗರ್‌ಹಿಲ್ ಗ್ಯಾಂಗ್’ ಎಂಬ ಹೆಸರನ್ನೂ ಅವರ ವೇದಿಕೆಯ ಹೆಸರುಗಳನ್ನೂ ಕಂಪನಿಯ ಕಡೆಯವರು ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡರು. ವಂಡರ್ ಮೈಕನೂ ಮಾಸ್ಟರ್ ಜೀಯೂ ತಮ್ಮ ಹೆಸರಿನಲ್ಲಿ ತಾವೇ ಹಾಡಲಾಗದೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಆ ಹೋರಾಟವನ್ನು ಕುರಿತು 2011ರಲ್ಲಿ ಒಂದು ಸಾಕ್ಷ್ಯಚಿತ್ರ ಬಂದಿತು. ಅದರ ಹೆಸರು ‘ಐ ವಾಂಟ್ ಮೈ ನೇಮ್ ಬ್ಯಾಕ್’, ಅರ್ಥಾತ್ ‘ನನ್ನ ಹೆಸರು ನನಗೆ ಮರಳಿ ಬೇಕು’. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಸಿಲ್ವಿಯಾಳನ್ನು ಬರೀ ಖಳನಾಯಕಿಯೆಂದು ಚಿತ್ರಿಸಿದರೆ ಇತಿಹಾಸಕ್ಕೆ ಅಪಚಾರವಾದೀತು. ತಮಾಷೆಯ ಹಾಡಿನಿಂದ ಬಂದ ಹಣದಿಂದಲೇ ಆಕೆಯ ಕಂಪನಿ ಮೇಲಕ್ಕೆದ್ದಿತು. ಅದೇ ಕಂಪನಿಯೇ 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಸಂಗಡಿಗರ ‘ದಿ ಮೆಸೇಜ್’ ಎಂಬ ಹಾಡನ್ನು ಹೊರತಂದಿತು. ಕೊಳಕು ಓಣಿಗಳ ಬಡತನವನ್ನೂ ಹತಾಶೆಯನ್ನೂ ಹೇಳುವ ಆ ಹಾಡನ್ನು ಹಾಡಲು ಮೇಳದವರಿಗೇ ಮನಸ್ಸಿರಲಿಲ್ಲ. ಕುಣಿಯಲು ಬಂದವರಿಗೆ ದುಃಖವನ್ನು ಹೇಳುವುದುಂಟೆ ಎಂದು ಹಿಂಜರಿದರು. ಪಟ್ಟುಹಿಡಿದು ಹಾಡಿಸಿದವಳು ಸಿಲ್ವಿಯಾ. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ನಾಡಿನ ಆಸ್ತಿಯೆಂದು ಕಾಪಾಡುವ ಧ್ವನಿಮುದ್ರಿಕೆಗಳ ಪಟ್ಟಿಗೆ ‘ದಿ ಮೆಸೇಜ್’ 2002ನೆಯ ಸಾಲಿನಲ್ಲಿ ಸೇರಿತು. ‘ರ‍್ಯಾಪರ್ಸ್ ಡಿಲೈಟ್’ 2011ನೆಯ ಸಾಲಿನಲ್ಲಿ ಸೇರಿತು. ತಂಗಿಗೆ ಮೊದಲು ಮರ್ಯಾದೆ, ಅಕ್ಕನಿಗೆ ಆಮೇಲೆ. ತಮಾಷೆಯ ಹಾಡಿನ ಹಣೆಬರಹವೇ ಅಂಥದು. ದುಡಿದು ತಂದರೂ ಪಂಕ್ತಿಯಲ್ಲಿ ಅದಕ್ಕೆ ಕೊನೆಯ ಮಣೆ.

*

ಇನ್ನು ನಮ್ಮ ದೇಶದ ಮಾತು. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲಿನ ಕೋಣೆಯೊಂದರಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗೌಹರ್ ಜಾನಳ ಗಾಯನವನ್ನು ಮುದ್ರಿಸಿಕೊಂಡ. ಮೂರು ನಿಮಿಷದೊಳಗೆ ಹಾಡು ಮುಗಿಸಿ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಠೀವಿಯಿಂದ ಕೂಗುತ್ತಿದ್ದಳು. ಅದಕ್ಕೆ ಕಾರಣ ಸರಳ. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿದು ಸರಿಯಾದ ಲೇಬಲ್ಲು ಅಂಟಿಸಲು ಆ ಕೂಗು ಬೇಕಾಗಿತ್ತು. ಕಾರಖಾನೆಯ ಅನುಕೂಲಕ್ಕಾಗಿ ಹುಟ್ಟಿದ ಆ ಮಾತು ಗೌಹರಳ ಅಂಕಿತವಾಗಿಬಿಟ್ಟಿತು. ಆಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು. ಹೆಸರು ಇನ್ನೂ ತಟ್ಟೆಯಲ್ಲಿ ಕೂಗುತ್ತಿದೆ.

ರ‍್ಯಾಪು ಭಾರತಕ್ಕೆ ಬಂದದ್ದೂ ಒಂದು ತಮಾಷೆಯ ಹಾಡಿನ ಬೆನ್ನೇರಿಯೇ. 1992ರಲ್ಲಿ ಬಾಬಾ ಸೆಹಗಲ್ ‘ಠಂಡಾ ಠಂಡಾ ಪಾನಿ’ ಹಾಡಿ ದೇಶವನ್ನು ನಗಿಸಿದ. ಅದರ ತಾಳ ವೆನಿಲಾ ಐಸ್ ಎಂಬ ಅಮೆರಿಕದವನ 1990ರ ಹಾಡಿನದು. ಅವನಾದರೂ ಅದನ್ನು ಎತ್ತಿದ್ದು ‘ಕ್ವೀನ್’ ಮೇಳದವರೂ ಡೇವಿಡ್ ಬೋವಿಯೂ 1981ರಲ್ಲಿ ಹಾಡಿದ್ದರಿಂದ. ಅಲ್ಲಿಯೂ ಹೆಸರಿನ ವ್ಯಾಜ್ಯ ಎದ್ದು, ಮೂಲದವರ ಹೆಸರು ಆಮೇಲೆ ಸೇರಿತು. ಕನ್ನಡದಲ್ಲಿ ಹಾಸನದ ಕಡೆಯ ಚಂದನ್ ಶೆಟ್ಟಿ 2016ರ ಸುಮಾರಿಗೆ ‘3 ಪೆಗ್’ ಎಂಬ ಕುಡುಕತನದ ತಮಾಷೆಯ ಹಾಡನ್ನು ಬಿಟ್ಟಾಗ ತಟ್ಟೆಯೂ ಇರಲಿಲ್ಲ, ಕ್ಯಾಸೆಟ್ಟೂ ಇರಲಿಲ್ಲ. ಯೂಟ್ಯೂಬ್ ಒಂದೇ ಅಂಗಡಿ. ಹಾಡು ಮನೆಮನೆಗೂ ಹೋಯಿತು. 2018ರ ಜನವರಿಯಲ್ಲಿ ಅವರು ಬಿಗ್ ಬಾಸ್ ಸ್ಪರ್ಧೆಯಲ್ಲಿ ಗೆದ್ದಾಗ ಅವರು ಯಾರೆಂದು ಕೇಳುವವರು ವಿರಳವಾಗಿದ್ದರು. ಅದೇ 2018ರಲ್ಲಿ ‘ರ‍್ಯಾಂಬೊ 2’ ಚಿತ್ರಕ್ಕೆ ಶಿವು ಬೆರ್ಗಿಯವರು ಉತ್ತರ ಕರ್ನಾಟಕದ ನುಡಿಯಲ್ಲಿ ಬರೆದ ‘ಚುಟು ಚುಟು’ ಹಾಡು ಯೂಟ್ಯೂಬಿನಲ್ಲಿ 10 ಕೋಟಿಗೂ ಮಿಗಿಲಾದ ಸಲ ನೋಡಿಸಿಕೊಂಡಿತು. ಅದಕ್ಕೆ ಕುಣಿದವರಲ್ಲಿ ಬರೆದವರ ಹೆಸರು ಬಲ್ಲವರೆಷ್ಟು ಮಂದಿ? ನನ್ನನ್ನೇ ಕೇಳಿಕೊಂಡರೆ, ಈ ಲೇಖನಕ್ಕೆ ಕುಳಿತುಕೊಳ್ಳುವವರೆಗೆ ನನಗೂ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಕಾಯ್ದೆಯು ಈ ಮರೆವಿಗೆ ಸ್ವಲ್ಪಮಟ್ಟಿಗೆ ಮದ್ದು ಮಾಡಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದಿತು. ಅದಕ್ಕಾಗಿ ರಾಜ್ಯಸಭೆಯಲ್ಲಿ ವಾದಿಸಿದವರಲ್ಲಿ ಕವಿ ಜಾವೇದ್ ಅಖ್ತರ್ ಮುಖ್ಯರು. ಚಿತ್ರಗೀತೆಯನ್ನು ಒಮ್ಮೆ ಮಾರಿದ ಮೇಲೆ ಬರೆದವನಿಗೆ ಬಿಡಿಗಾಸೂ ಇಲ್ಲವೆಂಬ ಹಳೆಯ ರೂಢಿ ಅದರಿಂದ ಮುರಿಯಿತು. ಚಿತ್ರಮಂದಿರದಲ್ಲಿ ಚಿತ್ರದ ಜೊತೆಗೆ ತೋರಿಸುವುದನ್ನು ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದರೆ ಬರೆದವನಿಗೂ ಸಂಗೀತ ಕೂಡಿಸಿದವನಿಗೂ ಸಮಪಾಲು ಬರತಕ್ಕದ್ದು. ಆ ಹಕ್ಕನ್ನು ಅವನು ಬರೆದುಕೊಡುತ್ತೇನೆಂದರೂ ಹಾಗೆ ಬರೆದುಕೊಡುವಂತಿಲ್ಲ. ಒಳ್ಳೆಯದೇ. ಆದರೆ ಕಾಯ್ದೆ ಕಾಯುವುದು ಹೆಸರು ಗೊತ್ತಿದ್ದವರನ್ನು. ಕಡೆಯ ನುಡಿಯನ್ನು ಕತ್ತರಿಸಿ ಬಿಸಾಡಿದ ಹಾಡಿನ ಕವಿಗೆ ಯಾವ ಕಾಯ್ದೆ ಬಂದು ಪಾಲು ಕೊಡಿಸೀತು?

*

ಇದನ್ನೆಲ್ಲ ಯೋಚಿಸುವಾಗ ನನಗೆ ನೆನಪಾಗುವವಳು ನನ್ನ ಅಜ್ಜಿ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಜೋಳ ಬೀಸುತ್ತ ಆಕೆ ಹಾಡುತ್ತಿದ್ದಳು. ಮೂರು ಮೂರು ಸಾಲಿನ ಪದಗಳು. ಅವುಗಳಲ್ಲಿ ತವರಿನ ಹೆಸರು ಬರುತ್ತಿತ್ತು, ಅಣ್ಣನ ಹೆಸರು ಬರುತ್ತಿತ್ತು, ಕಲ್ಲಿಗೂ ಒಂದು ಹೊಗಳಿಕೆ ಬರುತ್ತಿತ್ತು. ಹಾಡು ಕಟ್ಟಿದವಳ ಹೆಸರು ಎಂದೂ ಬರಲಿಲ್ಲ. ‘ಗರತಿಯ ಹಾಡು’ ಎಂಬ ಪುಸ್ತಕದ ಹೆಸರಿನಲ್ಲಿಯೇ ಅದು ಕಾಣುತ್ತದೆ: ಗರತಿ ಎಂದರೆ ಯಾವ ಗರತಿ? ಅಖಾಡಕ್ಕೆ ಇಳಿದ ಗಂಡಸು ಅಂಕಿತ ಹಾಕಿದ. ಅಡುಗೆಮನೆಯಲ್ಲಿ ಹಾಡಿದ ಹೆಂಗಸು ಹಾಕಲಿಲ್ಲ. ಹಾಕಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಸಾಲ ನಮ್ಮ ಮೇಲಿದೆ, ಅದು ತೀರುವಂಥದಲ್ಲ. ಹೆಸರು ಹೇಳಿಹೋದವರ ಸಾಲವನ್ನಾದರೂ ನಾವು ತೀರಿಸಬಹುದು.

ಮದುವೆಯ ಮರುದಿನ ಬೆಳಿಗ್ಗೆ ನೆಂಟರ ಹುಡುಗನೊಬ್ಬನನ್ನು ಕರೆದು, ನಿನ್ನೆಯ ಆ ಹಾಡನ್ನು ಫೋನಿನಲ್ಲಿ ಹುಡುಕಿ ಕಡೆಯವರೆಗೆ ಹಚ್ಚೆಂದು ಹೇಳಿದೆ. ಹುಡುಗನಿಗೆ ಆಶ್ಚರ್ಯವಾಯಿತು. “ಕಡೀತನಕಾ ಯಾರೂ ಕೇಳಂಗಿಲ್ಲರಿ ಕಾಕಾ” ಎಂದ. ಆದರೂ ಹಚ್ಚಿದ. ಮಾಮಾ ಚಹದ ಬಸಿ ಕೆಳಗಿಟ್ಟು ಕಿವಿಗೊಟ್ಟರು. ನಿನ್ನೆ ಕತ್ತರಿಸಿದ್ದ ಕೊನೆಯ ನುಡಿ ಬಂದಿತು. ಅದರಲ್ಲಿ ಹಾಡು ಕಟ್ಟಿದವನ ಹೆಸರಿತ್ತು, ಅವನ ಊರಿನ ಹೆಸರಿತ್ತು, ಆ ಊರಿನ ದೇವರ ಹೆಸರೂ ಇತ್ತು, ಲಾವಣಿಯಲ್ಲಿ ಇರುವಂತೆಯೇ.

ಮಾಮಾ ಆ ಊರಿನ ಹೆಸರನ್ನು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. “ಗೊತ್ತಾತು ಬಿಡು. ಆ ಊರಾಗ ಹಿಂದ ಒಂದು ಛಲೋ ಮೇಳ ಇತ್ತು. ಅವರ ಮಂದೀನ ಇರಬೇಕು ಇಂವ” ಎಂದರು. ಆಮೇಲೆ ಹುಡುಗನ ಕಡೆಗೆ ತಿರುಗಿ, “ಇನ್ನೊಮ್ಮೆ ಹಚ್ಚೋ ತಮ್ಮಾ” ಎಂದರು.